ಎಸ್ ಸಾರ್ ಅಂದ ಸುತ್ತಿಗೆ

ಹಳೆ ಕಟ್ಟಡ ಕೆಡವುವವರ ಗುಂಪಿನಲ್ಲಿ ಅವನಿಗೆ ಸುತ್ತಿಗೆ ಎಂಬ ಹೆಸರು ಬಿದ್ದದ್ದು ಮೀಸೆ ಮೂಡುವ ಮೊದಲೇ. ಬೇರೆಯವರು ಸುಧಾರಿಸಿಕೊಂಡು ಸುಧಾರಿಸಿಕೊಂಡು ಹೊಡೆಯುವ ಗೋಡೆಗೆ ಅವನು ಎಡೆಬಿಡದೆ ಬಾರಿಸುತ್ತಿದ್ದ. ಗೋಡೆ ಉರುಳಿದ ಮೇಲೂ ಇನ್ನೆರಡು ಏಟು ಹಾಕುತ್ತಿದ್ದ.

"ಬಿತ್ತಲ್ಲೋ, ಇನ್ನೂ ಯಾಕೋ ಹೊಡೀತೀಯ?" ಎಂದು ಮೇಸ್ತ್ರಿ ಕೂಗಿದರೆ, "ಎದ್ದು ಬಂದ್ರೆ?" ಅನ್ನುತ್ತಿದ್ದ.

ಬೆಳಿಗ್ಗೆ ಗೋಡೆ ಕೆಡವುವುದು, ಮಧ್ಯಾಹ್ನ ತಲೆಯ ಮೇಲೆ ನಾಲ್ಕು ಚೊಂಬು ನೀರು ಸುರಿದುಕೊಂಡು ವಿಶ್ವವಿದ್ಯಾಲಯದ ಎರಡನೇ ಪಾಳಿಯ ಕ್ಲಾಸಿಗೆ ಓಡುವುದು. ಕಿವಿಯೊಳಗೆ ಸುಣ್ಣದ ಪುಡಿ, ಉಗುರಿನ ಸಂದಿಯಲ್ಲಿ ಇಟ್ಟಿಗೆಯ ಕೆಂಪು. ಓದಿಗೆ ಹಚ್ಚಿದವಳು ಅವನ ಅಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳ ಕೆಲಸ. ಕುದಿನೀರಿನಲ್ಲಿ ಬೆಂದು ಬೆಂದು ಅವಳ ಮುಂಗೈ ಸಿಪ್ಪೆ ಎದ್ದಿತ್ತು. "ನಮ್ಮಪ್ಪ ಗೋಡೆ ಕೆಳಗೆ ಸತ್ತ. ನೀನು ಎಲ್ಲಿ ಬೇಕಾದ್ರೂ ಸಾಯಿ, ಗೋಡೆ ಕೆಳಗೆ ಮಾತ್ರ ಬೇಡ" ಎಂದು ಅವನನ್ನು ಕಾಲೇಜಿಗೆ ದಬ್ಬಿದ್ದಳು.

ಬೀದಿಯಲ್ಲಿ ಅವನ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಲಾಂಡ್ರಿಯ ಬಾಗಿಲಲ್ಲಿ ಅಕ್ಕನ ಕೈ ಹಿಡಿದೆಳೆದ ಕುಡುಕನೊಬ್ಬನನ್ನು ಎತ್ತಿ ಕಬ್ಬಿಣದ ಗೇಟಿನ ಮೇಲೆ ಎಸೆದಿದ್ದ. ಕುಡುಕನ ಭುಜದ ಮೂಳೆ ಚರ್ಮ ಹರಿದು ಹೊರಗೆ ಇಣುಕಿತ್ತು. ಇನ್ನೊಮ್ಮೆ, ಕೆಡವಿದ ಮನೆಯ ಕಂಬಿ ಕದಿಯಲು ಬಂದವನ ದವಡೆಯನ್ನು ಒಂದೇ ಗುದ್ದಿಗೆ ಜಾಗ ಬಿಡಿಸಿದ್ದ. ಆ ಮನುಷ್ಯ ತಿಂಗಳುಗಟ್ಟಲೆ ಗಂಜಿ ಕುಡಿದ.

ಅಂಥವನಿಗೆ ಇಂಗ್ಲಿಷಿನಲ್ಲಿ ಬಾಯಿ ತೆರೆಯಬೇಕೆಂದರೆ ಕೈಕಾಲು ತಣ್ಣಗಾಗುತ್ತಿದ್ದವು.

ಓದಲು ಬರುತ್ತಿತ್ತು. ಬರೆಯಲೂ ಬರುತ್ತಿತ್ತು. ನಿಧಾನಕ್ಕೆ ಹೇಳಿದರೆ ಅರ್ಥವೂ ಆಗುತ್ತಿತ್ತು. ಆದರೆ ಮೇಜಿನ ಆಚೆ ಒಂದು ಮುಖ ಕೂತು, ತನ್ನ ಬಾಯನ್ನೇ ನೋಡುತ್ತಾ ಪ್ರಶ್ನೆ ಹಾಕಿತೋ, ಮುಗಿಯಿತು. ಕಿವಿ ಗುಂಯ್ ಎನ್ನುತ್ತಿತ್ತು. ಗೊತ್ತಿದ್ದ ಪದಗಳೆಲ್ಲ ಬೆಕ್ಕು ಕಂಡ ಇಲಿಗಳ ಹಾಗೆ ಬಿಲ ಸೇರುತ್ತಿದ್ದವು. ಆಗ ಅವನ ಬಾಯಿಂದ ಹೊರಡುತ್ತಿದ್ದದ್ದು ಒಂದೇ: "ಎಸ್ ಸಾರ್."

ಈ ಎಸ್ ಸಾರ್ ಅವನಿಗೆ ಒದಗಿ ಬಂದ ಗುರಾಣಿ. ಹೌದು ಎಂದವನನ್ನು ಯಾರೂ ಮುಂದಕ್ಕೆ ಕೆದಕುವುದಿಲ್ಲ, ಬೇಗ ಕೂರಿಸುತ್ತಾರೆ. ಹಾಗೆ ಎರಡು ವರ್ಷ ತಳ್ಳಿದ. ಒಮ್ಮೆ ಮಾತ್ರ ಅದು ಕೈಕೊಟ್ಟಿತು. ವಿಶ್ವವಿದ್ಯಾಲಯದ ದಂತ ಆಸ್ಪತ್ರೆಯಲ್ಲಿ ಕಲಿಯಲು ಬಂದಿದ್ದ ಪರದೇಶಿ ಡಾಕ್ಟರೊಬ್ಬ ಇಕ್ಕಳ ಬಾಯೊಳಗಿಟ್ಟು ಇಂಗ್ಲಿಷಿನಲ್ಲಿ ಏನೋ ಕೇಳಿದ. ಇದೇ ಹಲ್ಲಾ ಎಂದು ಕೇಳಿದ್ದಿರಬೇಕು. ಸುತ್ತಿಗೆ ಎಸ್ ಸಾರ್ ಅಂದ. ಕಲ್ಲು ಕಡಿಯುವಂತಿದ್ದ ಗಟ್ಟಿ ಹಲ್ಲು ಹೊರಬಂತು, ಹುಳುಕು ಹಲ್ಲು ಒಳಗೇ ಉಳಿಯಿತು.

ಮನೆಗೆ ಬಂದು ರಕ್ತ ಉಗುಳುತ್ತಿದ್ದವನನ್ನು ನೋಡಿ ಅಕ್ಕ, "ಪುಣ್ಯಾತ್ಮ, ಅವನು ನಾಲಿಗೆ ಕೀಳ್ಲಾ ಅಂತ ಕೇಳ್ಲಿಲ್ವಲ್ಲ!" ಎಂದಳು.

"ಕಿತ್ರೂ ನಷ್ಟ ಏನಿತ್ತಕ್ಕ? ಕ್ಲಾಸಲ್ಲಿ ಅದು ಇದ್ದೂ ಇಲ್ದಂಗೇ."

ಮೂರನೇ ವರ್ಷದಲ್ಲಿ ಮಾತಿನ ಪರೀಕ್ಷೆ ಬಂತು. ಬರೆಯುವುದಲ್ಲ, ಇಂಗ್ಲಿಷ್ ಮೇಡಂ ಎದುರು ಕೂತು ಮಾತನಾಡುವುದು. ಸುತ್ತಿಗೆ ಒಳಗೆ ಹೋದ. ಮೇಡಂ ನಿನ್ನ ಕೆಲಸದ ಬಗ್ಗೆ ಹೇಳು ಎಂದರು. ಅವನು ಎಸ್ ಮೇಡಂ ಎಂದ. ಹೇಳು ಮತ್ತೆ ಎಂದರು. ಎಸ್ ಮೇಡಂ ಎಂದ. ಆಮೇಲೆ ತುಟಿ ಕಚ್ಚಿ ಕೂತ. ಹೊರಗೆ ಬಂದಾಗ ಗಲ್ಲದ ಮೇಲೆ ರಕ್ತ ಇಳಿಯುತ್ತಿತ್ತು. ಕೆಳತುಟಿಯನ್ನು ಹಲ್ಲು ದಾಟುವಷ್ಟು ಕಚ್ಚಿದ್ದು ಅವನಿಗೇ ಗೊತ್ತಾಗಿರಲಿಲ್ಲ. ಎರಡನೇ ಪಾಳಿಯ ಅರ್ಧಕ್ಕರ್ಧ ಜನ ಫೇಲು. ಒಬ್ಬಳು ಅಲ್ಲೇ ವಾಂತಿ ಮಾಡಿದ್ದಳು. ಒಬ್ಬ ಮೇಜು ಒದ್ದು ಹೋಗಿದ್ದ.

ಅದರ ವಿರುದ್ಧ ಎದ್ದವನು ಕಡ್ಡಿ. ಸುತ್ತಿಗೆಯ ಪಕ್ಕದ ಬೆಂಚಿನವನು. ಉಸಿರು ಬಿಟ್ಟರೆ ಹಾರಿಹೋಗುವಂಥ ದೇಹ, ಆದರೆ ಬಾಯಿ ತೆರೆದರೆ ಎರಡು ಬೀದಿಗೆ ಕೇಳುತ್ತಿತ್ತು. ಇಂಗ್ಲಿಷನ್ನೂ ತಪ್ಪೋ ಒಪ್ಪೋ ಹೆದರದೆ ಆಡುತ್ತಿದ್ದ. ಪಾಸಾಗಿದ್ದರೂ ಫೇಲಾದವರ ಪರ ಗೇಟಿನ ಮುಂದೆ ಬ್ಯಾನರ್ ಹಿಡಿದ. "ನಮಗೆ ಇಂಗ್ಲಿಷ್ ಬರುತ್ತೆ, ನೀವು ಹೆದರಿಸಿ ಬಾಯಿ ಮುಚ್ಚಿಸ್ತೀರಿ" ಎನ್ನುವುದು ಅವನ ವಾದ. ಬ್ಯಾನರಿನ ಒಂದು ಕೋಲು ಕಡ್ಡಿಯ ಕೈಯಲ್ಲಿ, ಇನ್ನೊಂದು ಸುತ್ತಿಗೆಯ ಕೈಯಲ್ಲಿ.

"ನೋಡು, ಏನಾದ್ರೂ ಆಗ್ಲಿ, ನೀನು ಕೈ ಎತ್ತಬಾರದು. ನೀನೊಂದು ಬಿಟ್ರೆ ಯಾವನೋ ಸಾಯ್ತಾನೆ, ಅವನ ಜೊತೆ ನಮ್ಮ ಹೋರಾಟನೂ ಸಾಯುತ್ತೆ" ಎಂದು ಕಡ್ಡಿ ಮೊದಲೇ ಮಾತು ತೆಗೆದುಕೊಂಡಿದ್ದ.

ಗಾರ್ಡುಗಳು ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ, ಮಾತಿಲ್ಲ ಕತೆಯಿಲ್ಲ. ಮೀಸೆ ಗಾರ್ಡು ಎಂದೇ ಎಲ್ಲರೂ ಕರೆಯುವ ದಪ್ಪ ಮನುಷ್ಯ ಎಲ್ಲರಿಗಿಂತ ಮುಂದಿದ್ದ. ಅವನ ಮೊದಲ ಲಾಠಿ ಏಟು ಕಡ್ಡಿಯ ಬಲ ಮಣಿಕಟ್ಟಿನ ಮೇಲೆ ಬಿತ್ತು. ಹಂಚು ಒಡೆದ ಸದ್ದು. ಕಡ್ಡಿ ಕೋಲು ಬಿಟ್ಟು ಮಣ್ಣಿಗೆ ಬಿದ್ದ. ಕೆಲಸಕ್ಕೆ ಹೊಸದಾಗಿ ಸೇರಿದ್ದ ಇನ್ನೊಬ್ಬ ಗಾರ್ಡು ಬಗ್ಗಿ ಅವನ ಕಾಲರಿಗೆ ಕೈ ಹಾಕಿದ. ಮೀಸೆಯವನು ಎರಡನೇ ಏಟು ಬೀಸಿದ್ದು ಕಡ್ಡಿಯ ಬೆನ್ನಿಗೆ. ಕಡ್ಡಿ ಹೊರಳಿದ. ಲಾಠಿ ಹೋಗಿ ಬಗ್ಗಿದ್ದ ಹೊಸ ಗಾರ್ಡಿನ ತಲೆಯ ಹಿಂಭಾಗಕ್ಕೆ ಬಡಿಯಿತು. ತಲೆ ಬಿರಿದು ರಕ್ತ ಕಡ್ಡಿಯ ಮುಖದ ಮೇಲೆಲ್ಲ ಸುರಿಯಿತು. ಹೊಸಬ ಉಸಿರೆತ್ತದೆ ಮಕಾಡೆ ಮಲಗಿದ.

ಉಳಿದವರು ದಿಕ್ಕಾಪಾಲಾಗಿ ಓಡುತ್ತಿದ್ದರು. ಅದನ್ನು ಕಣ್ಣಾರೆ ನೋಡಿದವನು ಸುತ್ತಿಗೆ ಒಬ್ಬನೇ. ಬೆನ್ನ ಮೇಲೆ ಏಟು ಬೀಳುತ್ತಲೇ ಇದ್ದರೂ ಅವನು ಕೈ ಎತ್ತಲಿಲ್ಲ. ಕಡ್ಡಿಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿದ.

ವಾರದೊಳಗೆ ದೂರು ಬಂತು. ಕಡ್ಡಿಯೇ ಬ್ಯಾನರಿನ ಕೋಲಿನಿಂದ ಗಾರ್ಡಿನ ತಲೆ ಒಡೆದ ಎಂದು. ವಿಚಾರಣೆ ಆಗಿ, ನಿಜವೆಂದು ಕಂಡುಬಂದರೆ ವಿಶ್ವವಿದ್ಯಾಲಯದಿಂದ ಹೊರಗೆ, ಕೊಲೆಯತ್ನದ ಕೇಸಿನಲ್ಲಿ ಪೊಲೀಸರ ಕೈಗೆ. ಬರೆದುಕೊಟ್ಟವನು ಮೀಸೆ ಗಾರ್ಡು. ತಲೆ ಹೊಲಿಸಿಕೊಂಡು ಪಟ್ಟಿ ಕಟ್ಟಿಕೊಂಡ ಹೊಸ ಗಾರ್ಡಿಗೆ ಏಟು ಹಿಂದಿನಿಂದ ಬಿದ್ದದ್ದಷ್ಟೇ ಗೊತ್ತು. ಯಾರು ಹೊಡೆದದ್ದು ಎಂದು ಮೀಸೆಯವನು ಹೇಳಿದನೋ ಅದನ್ನೇ ನಂಬಿದ್ದ.

ಕಡ್ಡಿಗೆ ಇದ್ದ ಸಾಕ್ಷಿ ಸುತ್ತಿಗೆ ಒಬ್ಬನೇ. ವಿಚಾರಣೆಗೆ ಹೊರಗಿನಿಂದ ಒಬ್ಬ ಸದಸ್ಯ ಬರುವವನಿದ್ದ, ನಮ್ಮ ಮಾತು ಒಂದಕ್ಷರ ಬಾರದವನು. ಹಾಗಾಗಿ ಎಲ್ಲ ಇಂಗ್ಲಿಷಿನಲ್ಲಿ.

"ನಮ್ಮ ಮಾತಲ್ಲೇ ಹೇಳ್ತೀನಿ ಅಂತ ಕೇಳ್ಕೋತೀನಿ ಕಣೋ. ಯಾರಾದ್ರೂ ಅವರಿಗೆ ತಿಳಿಸಿ ಹೇಳ್ಲಿ" ಎಂದ ಸುತ್ತಿಗೆ.

ಕಡ್ಡಿ ಮೈಮೇಲೆ ಬಿದ್ದ. "ಅದೇ ಅವರಿಗೆ ಬೇಕಾಗಿರೋದು! ನಮಗೆ ಇಂಗ್ಲಿಷ್ ಬರುತ್ತೆ ಅಂತ ಗೇಟಲ್ಲಿ ಗಂಟಲು ಹರ್ಕೊಂಡಿದೀವಿ. ಈಗ ನಮ್ಮ ಸಾಕ್ಷಿನೇ ನಂಗೆ ಬರಲ್ಲ ಸ್ವಾಮಿ ಅಂತ ಕೈಮುಗಿದ್ರೆ? ಫೇಲ್ ಮಾಡಿದ್ದು ಸರಿ ಅಂತ ನಾವೇ ಬರ್ಕೊಟ್ಟಂಗೆ. ಜೈಲಿಗೆ ಬೇಕಾದ್ರೆ ಹೋಗ್ತೀನಿ, ಆ ಮಾತು ಅವರ ಬಾಯಿಂದ ಕೇಳಲ್ಲ."

ಹೋರಾಟದವರ ಹುಂಬತನ ಇದು. ಗೋಡೆಗೆ ತಲೆ ಗುದ್ದಿಕೊಂಡರೂ ಗುದ್ದಿದ್ದೇ ಸರಿ ಎನ್ನುತ್ತಾರೆ. ಸುತ್ತಿಗೆ ಹೂಂ ಅಂದ. ಅಲ್ಲೂ ಹೂಂ.

ಕೆಡವುತ್ತಿದ್ದ ಹಳೆ ಸಿನಿಮಾ ಮಂದಿರದಲ್ಲಿ ತಾಲೀಮು ನಡೆಯಿತು. ಕಡ್ಡಿ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಬಿದ್ದ ಗೋಡೆಯ ಮೇಲೆ ಕೂತು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುವುದು, ಸುತ್ತಿಗೆ ಬೆನ್ನು ತಿರುಗಿಸಿ ಗೋಡೆಗೆ ಬಾರಿಸುತ್ತಾ ಉತ್ತರ ಹೇಳುವುದು. ಆಶ್ಚರ್ಯ ಎಂದರೆ ಮಾತು ಸರಾಗ ಬರುತ್ತಿತ್ತು. ಏಟಿಗೊಂದು ಪದ. ನಾನು ನೋಡಿದೆ. ಧಡ್. ಗಾರ್ಡು ಹೊಡೆದ. ಧಡ್. ಇಟ್ಟಿಗೆ ಬೀಳುತ್ತಿತ್ತು, ವಾಕ್ಯ ಏಳುತ್ತಿತ್ತು.

"ಇಷ್ಟು ಚೆನ್ನಾಗಿ ಮಾತಾಡ್ತೀಯಲ್ಲೋ ಬಡ್ಡೀಮಗನೆ!" ಎಂದು ಕಡ್ಡಿ ಕುಣಿದ. ಗೋಡೆಗೆ ಕಣ್ಣಿಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ವಿಚಾರಣೆಯ ಕೋಣೆ ಮೊದಲ ಮಹಡಿಯಲ್ಲಿತ್ತು. ಉದ್ದ ಮೇಜಿನ ಆಚೆ ಮೂವರು. ನಡುವೆ ಕುಲಸಚಿವರು, ಎಡಕ್ಕೆ ಇಂಗ್ಲಿಷ್ ಮೇಡಂ, ಬಲಕ್ಕೆ ಹೊರಗಿನ ಸದಸ್ಯ. ಆ ಸೆಕೆಯಲ್ಲೂ ಕೋಟು ತೊಟ್ಟಿದ್ದ. ಗೋಡೆಯ ಪಕ್ಕ ತಲೆಗೆ ಪಟ್ಟಿ ಕಟ್ಟಿದ ಗಾರ್ಡು ಸ್ಟೂಲಿನ ಮೇಲೆ ಕೂತಿದ್ದ. ಅವನಿಗೆ ಇಂಗ್ಲಿಷ್ ಸುತರಾಂ ಬರುತ್ತಿರಲಿಲ್ಲ. ಯಾರು ಮಾತನಾಡಿದರೂ ಅವರ ಬಾಯನ್ನೇ ನೋಡುತ್ತಿದ್ದ. ಬಾಗಿಲಲ್ಲಿ ಮೀಸೆ ಗಾರ್ಡು, ಮೂಲೆಯಲ್ಲಿ ಕಡ್ಡಿ.

ಸುತ್ತಿಗೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಮೂರು ಮುಖಗಳು ಅವನ ಬಾಯನ್ನು ನೋಡಿದವು. ಕಿವಿ ಗುಂಯ್ ಎಂದಿತು.

ಕೋಟಿನವನು ಕೇಳಿದ್ದು ಬಹಳ ಸರಳ. ಅವತ್ತು ನೀನು ಗೇಟಿನಲ್ಲಿ ಇದ್ದೆಯಾ?

"ಎಸ್ ಸಾರ್."

ನಿನ್ನ ಸ್ನೇಹಿತನ ಕೈಯಲ್ಲಿ ಕೋಲು ಇತ್ತೇ?

"ಎಸ್ ಸಾರ್."

ಅಲ್ಲಿಯವರೆಗೆ ನಿಜವೇ. ಕಡ್ಡಿ ಮೂಲೆಯಲ್ಲಿ ತಲೆಯಾಡಿಸಿದ. ಕೋಟಿನವನು ಮುಂದಕ್ಕೆ ಬಾಗಿ, ಸ್ವಲ್ಪ ಬೇಗ ಬೇಗ ಕೇಳಿದ. ಆ ಕೋಲಿನಿಂದ ಅವನು ಗಾರ್ಡಿನ ತಲೆಗೆ ಹೊಡೆದನೇ?

ಸುತ್ತಿಗೆಗೆ ಕೇಳಿಸಿದ್ದು ನೀರಿನಡಿಯಿಂದ ಬಂದಂಥ ಒಂದು ಗೊಳಗೊಳ. ಕಲಿತದ್ದೆಲ್ಲ ಎದೆಯೊಳಗೆ ಸಾಲಾಗಿ ನಿಂತಿತ್ತು. ನಾನು ನೋಡಿದೆ, ಗಾರ್ಡು ಹೊಡೆದ. ಒಂದೂ ಬಾಗಿಲು ದಾಟಲಿಲ್ಲ.

"ಎಸ್ ಸಾರ್" ಎಂದ.

ಕಡ್ಡಿ ಛಂಗನೆ ಎದ್ದ. "ನೋ ಸರ್! ಅವನಿಗೆ ಪ್ರಶ್ನೆ ತಿಳಿದಿಲ್ಲ!" ಎಂದು ಇಂಗ್ಲಿಷಿನಲ್ಲೇ ಕಿರುಚಿದ. ಕುಲಸಚಿವರು ಬೆರಳೆತ್ತಿ ಅವನನ್ನು ತಡೆದು, ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಇನ್ನೂ ಜೋರಾಗಿ ಹಾಕಿದರು. ಜೋರು ಮಾಡಿದರೆ ಹೆದರಿದವನಿಗೆ ತಿಳಿಯುತ್ತದೆ ಎಂದುಕೊಳ್ಳುವ ಮೂರ್ಖತನ ಓದಿದವರಲ್ಲೂ ಇರುತ್ತದೆ.

"ಎಸ್ ಸಾರ್. ಎಸ್ ಸಾರ್."

"ನಿನ್ನ ಸಾಕ್ಷಿನೇ ಅಲ್ವೇನಪ್ಪ ಇವನು?" ಎಂದು ಕುಲಸಚಿವರು ಕಡ್ಡಿಯ ಕಡೆ ತಿರುಗಿದರು. "ಇಬ್ರೂ ಆಚೆ ನಡೀರಿ. ತೀರ್ಮಾನ ಬರೆದು ಕರೀತೀವಿ."

ಬಾಗಿಲು ಮುಚ್ಚಿಕೊಂಡಿತು. ಹೊರಗಿನ ಪಡಸಾಲೆಗೆ ಬಂದದ್ದೇ ತಡ, ಕಡ್ಡಿ ಎಡಗೈಯಿಂದ ಸುತ್ತಿಗೆಯ ಕೆನ್ನೆಗೆ ಬಾರಿಸಿದ. ಸಾಲಲಿಲ್ಲ. ಹೊಟ್ಟೆಗೆ ಒದ್ದ. ಪ್ಲಾಸ್ಟರ್ ಹಾಕಿದ ಬಲಗೈಯನ್ನೇ ಎತ್ತಿ ಮುಖಕ್ಕೆ ಕುಕ್ಕಿದ, ಮತ್ತೆ ಕುಕ್ಕಿದ. ಸುತ್ತಿಗೆಯ ಹುಬ್ಬು ಹರಿಯಿತು. ಪ್ಲಾಸ್ಟರ್ ಸೀಳಿ ಬಿಳಿ ಪುಡಿ ಉದುರಿತು. ನೋವಿಗೆ ಕಡ್ಡಿಯೇ ಊಳಿಟ್ಟ.

"ನಾಯಿ! ನಾಲಿಗೆ ಇಲ್ವೇನೋ ನಿಂಗೆ? ಒಂದು ನೋ ಅನ್ನೋಕೆ ಏನಾಗಿತ್ತು ರೋಗ? ನನ್ನ ಕುತ್ತಿಗೆಗೆ ಹಗ್ಗ ಹಾಕ್ಬಿಟ್ಟು ಎಸ್ ಸಾರ್ ಅಂತೆ, ಎಸ್ ಸಾರ್!"

ಒಂದು ಕೈಯಲ್ಲಿ ಎತ್ತಿ ಕಿಟಕಿಯಿಂದಾಚೆ ಎಸೆಯಬಲ್ಲ ಮನುಷ್ಯ ಗೋಡೆಗೊರಗಿ ಏಟು ತಿಂದ. ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳಲೂ ಇಲ್ಲ.

"ಏನು ಕೇಳಿದ್ರು ಅವರು?" ಎಂದ.

ಕಡ್ಡಿಯ ಕೈ ಗಾಳಿಯಲ್ಲೇ ನಿಂತಿತು. "ಏನು ಕೇಳಿದ್ರು ಅಂತಾನೂ ಗೊತ್ತಿಲ್ವಾ?"

"ಇಲ್ಲ."

"ನಾನು ಕೋಲಲ್ಲಿ ಆ ಗಾರ್ಡಿನ ತಲೆ ಒಡೆದ್ನಾ ಅಂತ ಕೇಳಿದ್ರು. ನೀನು ಹೌದು ಅಂದೆ. ಮೂರು ಸಲ ಅಂದೆ."

ಸುತ್ತಿಗೆ ತಿರುಗಿ ಬಾಗಿಲಿಗೆ ಹೆಗಲು ಕೊಟ್ಟ.

ಚಿಲಕ ಚೌಕಟ್ಟಿನ ಸಮೇತ ಕಿತ್ತು ಬಂತು. ಅಡ್ಡ ಬಂದ ಮೀಸೆ ಗಾರ್ಡಿನ ಎದೆಗೆ ಮೊಣಕೈ ಇಳಿಯಿತು. ಅವನು ಹೋಗಿ ಬೀರುವಿಗೆ ಅಪ್ಪಳಿಸಿದ, ಬೀರುವಿನ ಗಾಜು ಅವನ ಮೇಲೆ ಉದುರಿತು. ಸುತ್ತಿಗೆ ಉದ್ದ ಮೇಜಿನ ಅಂಚಿಗೆ ಎರಡೂ ಕೈ ಹಾಕಿ ಎತ್ತಿದ. ನೀರಿನ ಜಗ್ಗು, ಮೈಕು, ಕಾಗದ, ಕನ್ನಡಕ ಎಲ್ಲ ಜಾರಿ ನೆಲಕ್ಕೆ ಬಿದ್ದವು. ಮೇಜು ಮಗುಚಿ ಕಾಲು ಮೇಲಾಯಿತು. ಈಗ ಅವನಿಗೂ ಅವರಿಗೂ ನಡುವೆ ಏನೂ ಇರಲಿಲ್ಲ.

ಕೋಟಿನವನು ಓಡಲು ನೋಡಿದ. ಸುತ್ತಿಗೆ ಅವನ ಭುಜದ ಮೇಲೆ ಕೈಯಿಟ್ಟು ಕುರ್ಚಿಗೆ ಕೂರಿಸಿದ. ಕುರ್ಚಿಯ ಒಂದು ಕಾಲು ಲಟಕ್ ಎಂದಿತು. ಬಗ್ಗಿ, ಅವನ ಬಾಯನ್ನೇ ನೋಡುತ್ತಾ, ನಮ್ಮ ಮಾತಿನಲ್ಲಿ ಕೇಳಿದ.

"ಗೇಟಲ್ಲಿ ಗಾರ್ಡಿನ ತಲೆ ಒಡೆದದ್ದು ನೀವೇನಾ?"

ಕೋಟಿನವನು "ಎಸ್, ಎಸ್" ಎಂದ.

"ನಿಮ್ಮಜ್ಜಿನೂ ಒಂದು ಏಟು ಹಾಕಿದ್ರಾ?"

"ಎಸ್! ಎಸ್ ಪ್ಲೀಸ್!"

"ಈಗ ನಿಮ್ಮನ್ನ ಈ ಕಿಟಕಿಯಿಂದ ಕೆಳಗೆ ಎಸೀಲಾ?"

"ಎಸ್, ಎಸ್, ಎಸ್!" ಬೆವರು ಅವನ ಕಾಲರಿನಲ್ಲಿ ಇಳಿಯುತ್ತಿತ್ತು.

"ಏಯ್, ಬಿಡೋ ಅವರನ್ನ! ಅವರಿಗೆ ನಮ್ಮ ಮಾತು ಬರಲ್ಲ ಕಣೋ, ಹೆದರ್ಕೊಂಡು ಏನೋ ಅಂತಿದಾರೆ!" ಎಂದು ಕುಲಸಚಿವರು ಮೂಲೆಯಿಂದ ಕೂಗಿದರು.

"ಹಾಂ! ಇದನ್ನ ಬರ್ಕೊಳ್ಳಿ ಸ್ವಾಮಿ!" ಸುತ್ತಿಗೆ ಅಷ್ಟೇ ಜೋರಾಗಿ ಗುಡುಗಿದ. "ಅವರೂ ಹೆದರ್ಕೊಂಡು ಹೌದಂದ್ರು, ನಾನೂ ಹೆದರ್ಕೊಂಡು ಹೌದಂದೆ. ಅವರ ಹೌದು ಸುಳ್ಳಾದ್ರೆ ನನ್ನ ಹೌದು ಹೆಂಗೆ ನಿಜ ಆಯ್ತು? ನಾನು ನೋಡಿದ್ದು ಈಗ ಹೇಳ್ತೀನಿ, ಕಿವಿಬಿಟ್ಟು ಕೇಳಿ. ಕಡ್ಡಿ ಕೈ ಮೊದಲ ಏಟಿಗೇ ಮುರೀತು. ಮುರಿದ ಕೈಯಲ್ಲಿ ಕೋಲೆತ್ತೋದು ಹೆಂಗೆ, ನೀವೇ ಎತ್ತಿ ತೋರ್ಸಿ. ಎರಡನೇ ಏಟು ಅವನ ಬೆನ್ನಿಗೆ ಅಂತ ಬೀಸಿದ್ದು. ಅವನು ಹೊರಳಿದ, ಬಗ್ಗಿದ್ದ ಈ ಅಣ್ಣನ ತಲೆಗೆ ಬಿತ್ತು. ಬೀಸಿದವನು ಅಲ್ಲಿ ಗಾಜು ಕೊಡವ್ಕೊಂತಾ ಇದಾನಲ್ಲ, ಅವನು!"

ಇಷ್ಟು ಹೊತ್ತೂ ಸ್ಟೂಲು ಬಿಟ್ಟು ಅಲುಗಾಡದ ಪಟ್ಟಿ ಗಾರ್ಡು ಈಗ ಎದ್ದು ನಿಂತ. ಬೆಳಗಿನಿಂದ ಆ ಕೋಣೆಯಲ್ಲಿ ಅವನಿಗೆ ತಿಳಿಯುವಂತೆ ಬಂದ ಮೊದಲ ಸಾಕ್ಷಿಯ ಮಾತು ಅದು.

"ಏನಂದೆ? ಯಾರು?"

"ನಿನ್ನ ಮೀಸೆಣ್ಣ."

ಪಟ್ಟಿ ಗಾರ್ಡು ಮೀಸೆಯವನ ಕಡೆ ತಿರುಗಿದ. "ಹೌದೇನಣ್ಣ?"

ಮೀಸೆಯವನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಅದು... ಆ ಗಲಾಟೇಲಿ ಯಾರ ಕೈ ಎಲ್ಲಿ ಬೀಳುತ್ತೆ ಅಂತ..." ಎಂದು ಶುರುಮಾಡಿದ. ಅಷ್ಟು ಸಾಕಾಯಿತು.

"ಆಸ್ಪತ್ರೆ ಮಂಚದ ಪಕ್ಕ ಕೂತು ಹಣ್ಣು ಸುಲಿದು ತಿನ್ನಿಸ್ದೆಯಲ್ಲೋ ಪಾಪಿ!" ಎಂದು ಪಟ್ಟಿ ಗಾರ್ಡು ಅವನ ಮೇಲೆ ಹಾರಿದ. ಇಬ್ಬರೂ ಗಾಜಿನ ಚೂರುಗಳ ಮೇಲೆ ಉರುಳಿದರು. ಪಟ್ಟಿ ಗಾರ್ಡು ಸ್ಟೂಲಿನಿಂದ ಹೊಡೆದ, ಸ್ಟೂಲು ಮುರಿದ ಮೇಲೆ ಮುಷ್ಟಿಯಿಂದ, ಆಮೇಲೆ ಹಣೆಯಿಂದ. ಹೊಲಿಗೆ ಬಿಚ್ಚಿ ಪಟ್ಟಿ ಕೆಂಪಾಯಿತು. "ಹೇಳು! ಹೇಳೋ!" ಎಂದು ಕತ್ತು ಹಿಸುಕಿದ. ಎರಡು ಹಲ್ಲು ಉಗುಳಿ ಮೀಸೆಯವನು, "ಬೇಕು ಅಂತ ಹೊಡೀಲಿಲ್ಲ ಕಣೋ! ನಿನಗಲ್ಲ ಬೀಸಿದ್ದು, ಆ ಹುಡುಗನಿಗೆ!" ಎಂದು ಕಿರುಚಿದ.

ಕೋಣೆಯಲ್ಲಿದ್ದವರೆಲ್ಲ ಕೇಳಿದರು. ಕೋಟಿನವನಿಗೆ ಅರ್ಥವಾಗಲಿಲ್ಲ. ಕುಲಸಚಿವರಿಗೆ ಬೇಡವೆಂದರೂ ಅರ್ಥವಾಯಿತು. ಇಂಗ್ಲಿಷ್ ಮೇಡಂ ಗೋಡೆಗಂಟಿ ನಿಂತವರು ಸುತ್ತಿಗೆಯನ್ನು ನೋಡುತ್ತಾ, "ಇವನಿಗೆ ಮಾತು ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು" ಎಂದರು, ಯಾರಿಗೆ ಹೇಳಿದ್ದೋ.

ಅಷ್ಟರಲ್ಲಿ ಕೆಳಗಿನ ಗಾರ್ಡುಗಳು ಹತ್ತಿ ಬಂದರು. ಸುತ್ತಿಗೆ ಅವರಲ್ಲಿ ಇಬ್ಬರನ್ನು ಮೆಟ್ಟಿಲ ಕೆಳಗೆ ಕಳಿಸಿದ. ಉಳಿದವರು ಅವನನ್ನು ಕೆಡವಿ, ಬೂಟುಗಾಲಲ್ಲಿ ತುಳಿದರು. ಪಕ್ಕೆಲುಬು ಮುರಿಯುವಾಗಲೂ ಅವನ ಬಾಯಿ ನಿಲ್ಲಲಿಲ್ಲ. ನೋಡಿದ್ದನ್ನು ಮತ್ತೆ ಮೊದಲಿನಿಂದ ಹೇಳುತ್ತಲೇ ಇದ್ದ.

ಕಡ್ಡಿಯ ಮೇಲಿನ ದೂರು ಬಿದ್ದುಹೋಯಿತು. ಪಟ್ಟಿ ಗಾರ್ಡು ಹಠ ಹಿಡಿದು ತನ್ನ ತಲೆಯ ಲೆಕ್ಕವನ್ನು ಪೊಲೀಸರ ಮುಂದೆ ತಾನೇ ಹೇಳಿದ್ದರಿಂದ ಅದನ್ನು ಮುಚ್ಚಿಹಾಕಲು ಆಗಲಿಲ್ಲ. ಮೀಸೆಯವನ ಕೆಲಸ ಹೋಯಿತು. ಸುತ್ತಿಗೆಯನ್ನು ವಿಶ್ವವಿದ್ಯಾಲಯದಿಂದ ಒದ್ದು ಹಾಕಿದರು, ಹೊಡೆದಾಟದ ಕೇಸಿನಲ್ಲಿ ಒಳಗೂ ಹಾಕಿದರು. ಮಾತಿನ ಪರೀಕ್ಷೆ ಇದ್ದಹಾಗೇ ಇತ್ತು. ಫೇಲಾದವರು ಫೇಲಾಗಿಯೇ ಉಳಿದರು. ಯಾವ ಹೋರಾಟವೂ ಕೇಳಿದ್ದನ್ನೆಲ್ಲ ಕೊಡುವುದಿಲ್ಲ.

ಜೈಲಿಗೆ ಅಕ್ಕ ಬಂದಾಗ ಅವನ ಮುಖದ ಹೊಲಿಗೆಗಳನ್ನು ನೋಡಿ, "ಗೋಡೆ ಕೆಳಗೆ ಬೇಡ ಅಂದಿದ್ದಕ್ಕೆ ಮನುಷ್ಯರ ಕೆಳಗೆ ಬಿದ್ಯಾ?" ಎಂದಳು. ಅತ್ತಳೋ ಬೆವರೊರೆಸಿಕೊಂಡಳೋ ತಿಳಿಯದ ಹಾಗೆ ಸೆರಗೆಳೆದುಕೊಂಡಳು.

ಕಡ್ಡಿ ಬಂದದ್ದು ಅವಳ ನಂತರ, ಬಹಳ ದಿನ ಬಿಟ್ಟು. ಅವನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಜಾಲರಿಯ ಆಚೆ ಬಂದು ನಿಂತ.

"ನೀನು ಬಾಗಿಲು ಒಡೆದು ಒಳಗೆ ಹೋಗಿದ್ದು ನಾನು ಮರೆಯಲ್ಲ" ಎಂದ. "ಆದ್ರೆ ಅದಕ್ಕೆ ಮುಂಚೆ ಮೂರು ಸಲ ಹೌದು ಅಂದ್ಯಲ್ಲ, ಅದನ್ನೂ ಮರೆಯಲ್ಲ."

"ಮರೀಬೇಡ" ಎಂದ ಸುತ್ತಿಗೆ. "ಮುಂದಿನ ಸಲ ಸಾಕ್ಷಿ ಹಿಡಿಯೋವಾಗ, ಅವನಿಗೆ ಯಾವ ಮಾತಲ್ಲಿ ಹೇಳೋಕೆ ಇಷ್ಟ ಅಂತ ಮೊದ್ಲು ಕೇಳು."

ಕಡ್ಡಿ ಜಾಲರಿಗೆ ಒಂದು ಗುದ್ದಿದ. ಕಾವಲಿನವನು ಗದರಿದ. ಹೊತ್ತಾಯಿತು ಎಂದು ಕಡ್ಡಿಯನ್ನು ರಟ್ಟೆ ಹಿಡಿದು ಆಚೆ ಎಳೆದೊಯ್ದರು.